ಅಮೆರಿಕದ ಶಿಕ್ಷಣ, ದೇಶ, ಮನೆ: ಮೂರು ಸಾಲಿನ ಟೈಮ್‌ಲೈನ್ ಕಟ್ಟುವುದು ಹೇಗೆ

ಅಮೆರಿಕದಲ್ಲಿ ಟೀಚರ್ ಲೈಸೆನ್ಸ್‌ಗೆ ಓದುವವರಿಗೆ, ಎಂ.ಎಡ್.ನಲ್ಲಿ ತುಲನಾತ್ಮಕ ಶಿಕ್ಷಣ ಆರಿಸಿಕೊಂಡವರಿಗೆ, ಮಕ್ಕಳ ಹೈಸ್ಕೂಲ್ ಪ್ರಾಜೆಕ್ಟಿಗೆ ಕೈಜೋಡಿಸುವ ಅಪ್ಪ ಅಮ್ಮಂದಿರಿಗೆ ಈ ಕೆಲಸ ಒಂದಲ್ಲ ಒಂದು ದಿನ ಎದುರಾಗುತ್ತದೆ. ಮೇಲಿನ ಸಾಲಿನಲ್ಲಿ ದೇಶದ ಘಟನೆಗಳು, ನಡುವೆ ಶಿಕ್ಷಣದ ಮೈಲಿಗಲ್ಲುಗಳು, ಕೆಳಗೆ ಸ್ವಂತದ್ದೋ ಮನೆಯವರದ್ದೋ ಓದಿನ ಕತೆ. ಹೆಚ್ಚಿನವರು ಎಲ್ಲೋ ಸಿಕ್ಕ ಪಟ್ಟಿಯಿಂದ ಇಪ್ಪತ್ತು ಇಸವಿ ಎತ್ತಿಕೊಂಡು, ಕೆಳಗೆ ತಾವು ಹುಟ್ಟಿದ ವರ್ಷ, ಡಿಗ್ರಿ ಮುಗಿಸಿದ ವರ್ಷ ಬರೆದು ಕೈತೊಳೆದುಕೊಳ್ಳುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಓದಿದವರಿಗೆ ಏನೂ ತಿಳಿಯುವುದಿಲ್ಲ. ಕಾನೂನಿಗೆ ಸಹಿ ಬಿದ್ದ ದಿನಕ್ಕೂ ಅದು ಒಂದು ತರಗತಿಯ ಹೊಸ್ತಿಲು ದಾಟಿದ ದಿನಕ್ಕೂ ನಡುವೆ ಕೆಲವೊಮ್ಮೆ ಹದಿನೈದು ವರ್ಷ ಕಳೆದಿರುತ್ತದೆ. ಅಮೆರಿಕದ ಶಿಕ್ಷಣದ ಇತಿಹಾಸವೆಲ್ಲ ಇರುವುದು ಆ ಹದಿನೈದು ವರ್ಷದಲ್ಲಿ. ಇಲ್ಲಿ ಹೇಳುವ ವಿಧಾನ ಅದನ್ನು ಹಾಳೆಯ ಮೇಲೆ ಕಾಣಿಸುವುದಕ್ಕಾಗಿ.

ಮನೆಯ ಸಾಲು ಮೊದಲು

ಶಿಕ್ಷಣದ ಸಾಲಿನಿಂದ ಶುರುಮಾಡುವುದು ಎಲ್ಲರ ಅಭ್ಯಾಸ. ಹಾಗೆ ಮಾಡಬೇಡಿ. ನೂರಾರು ಮೈಲಿಗಲ್ಲುಗಳಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಹೇಳುವುದು ಮನೆಯ ಸಾಲು. ಮನೆಯಲ್ಲಿ ವಿಶೇಷ ಅಗತ್ಯದ ಮಗುವಿದ್ದರೆ ಅಂಗವಿಕಲ ಮಕ್ಕಳ ಶಿಕ್ಷಣದ 1975ರ ಕಾನೂನೇ ನಡುಗಂಬ. ಮಗು ಮನೆಯಲ್ಲಿ ಕನ್ನಡ ಮಾತಾಡುತ್ತಾ ಬೆಳೆದಿದ್ದರೆ ಇಂಗ್ಲಿಷ್ ಬಾರದ ಮಕ್ಕಳ ಬಗೆಗಿನ 1974ರ ಲಾವ್ ತೀರ್ಪು ಅಷ್ಟೇ ಮುಖ್ಯ.

12ರಿಂದ 18 ನಮೂದು ಸಾಕು. ಪ್ರತಿ ನಮೂದೂ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕು: ಯಾರು, ಯಾವ ಕ್ಲಾಸು, ಎಲ್ಲಿ, ಏನು ಬದಲಾಯಿತು. ‘ಶಾಲೆಗೆ ಸೇರಿದ್ದು’ ಎಂದಷ್ಟೇ ಬರೆದರೆ ಅದು ನಮೂದಾಗುವುದಿಲ್ಲ. ‘ಜೂನ್ 1971, ತಿಪಟೂರು, ಒಂದನೇ ಕ್ಲಾಸು, ಕನ್ನಡ ಮಾಧ್ಯಮ, ಮನೆಯಿಂದ ಶಾಲೆಗೆ ಹೋದ ಮೊದಲ ಹೆಣ್ಣುಮಗು’ ಎಂದರೆ ಆಗುತ್ತದೆ. ಆಧಾರಕ್ಕೆ ಟಿ.ಸಿ., ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟಿನ ಮೇಲಿನ ಸೀಲು, ಐ-20 (ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಪತ್ರ), ಅಮೆರಿಕದ ಶಾಲೆಯ ರಿಪೋರ್ಟ್ ಕಾರ್ಡ್, ಐಇಪಿ ಪತ್ರ (ವಿಶೇಷ ಅಗತ್ಯದ ಮಗುವಿಗೆ ಶಾಲೆ ಮಾಡುವ ಕಲಿಕೆಯ ಯೋಜನೆ), ದಾಖಲಾತಿ ಫಾರಂ ಹುಡುಕಿ.

ಹಿರಿಯರನ್ನು ‘ಯಾವ ಇಸವಿಯಲ್ಲಿ ಶಾಲೆ ಬಿಟ್ಟಿರಿ’ ಎಂದು ಕೇಳಿದರೆ ಬಾಯಿಗೆ ಬಂದ ಅಂದಾಜು ಸಿಗುತ್ತದೆ. ಊರಿಗೆಲ್ಲ ಗೊತ್ತಿದ್ದ ಘಟನೆಯೊಂದನ್ನು ಮುಂದಿಟ್ಟು ಕೇಳಿ: ‘ಅಜ್ಜಿ, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ರಲ್ಲ, ಆಗ ನೀವು ಶಾಲೆಗೆ ಹೋಗ್ತಿದ್ರಾ, ಮದುವೆ ಆಗಿತ್ತಾ?’ ಅದು 1973ರ ನವೆಂಬರ್ 1. ಏಕೀಕರಣ (1 ನವೆಂಬರ್ 1956), ತುರ್ತು ಪರಿಸ್ಥಿತಿ (25 ಜೂನ್ 1975), ಇಂದಿರಾ ಗಾಂಧಿ ಹತ್ಯೆ (31 ಅಕ್ಟೋಬರ್ 1984) ಇವೂ ಒಳ್ಳೆಯ ಗೂಟಗಳು. ಅಮೆರಿಕದಲ್ಲೇ ಶಾಲೆ ಕಲಿತವರಿಗೆ ಕೆನಡಿ ಹತ್ಯೆ (22 ನವೆಂಬರ್ 1963), ಚಂದ್ರನ ಮೇಲೆ ಇಳಿದದ್ದು (20 ಜುಲೈ 1969), ಚಾಲೆಂಜರ್ ನೌಕೆ ಸಿಡಿದದ್ದು (28 ಜನವರಿ 1986), 2001ರ ಸೆಪ್ಟೆಂಬರ್ 11. ಇವುಗಳಲ್ಲಿ ಚಾಲೆಂಜರ್‌ಗೆ ಬೇರೆಯದೇ ತೂಕವಿದೆ. ನೌಕೆಯಲ್ಲಿದ್ದ ಕ್ರಿಸ್ಟಾ ಮೆಕಾಲಿಫ್ ನ್ಯೂ ಹ್ಯಾಂಪ್‌ಶೈರಿನ ಹೈಸ್ಕೂಲ್ ಟೀಚರ್. ಅದಕ್ಕೇ ಎಷ್ಟೋ ಶಾಲೆಗಳು ಮಕ್ಕಳನ್ನು ಟಿವಿ ಮುಂದೆ ಕೂರಿಸಿದ್ದವು. ಆಗ ಯಾವ ಕ್ಲಾಸಿನಲ್ಲಿದ್ದಿರಿ ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ.

ಹಳೆಯ ತಲೆಮಾರಿನ ಹುಟ್ಟಿದ ತಾರೀಕನ್ನು ಕಣ್ಣುಮುಚ್ಚಿ ನಂಬಬೇಡಿ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಕೇ ಕಾಯಮ್ಮಾಗಿ ಉಳಿದವರು ಸಾಕಷ್ಟಿದ್ದಾರೆ. ಜಾತಕದ ತಾರೀಕು ಬೇರೆ ಇದ್ದರೆ ಎರಡನ್ನೂ ಬರೆದಿಡಿ.

ಶಾಲಾ ವರ್ಷವೂ ತೊಡಕು ಮಾಡುತ್ತದೆ. ಕರ್ನಾಟಕದಲ್ಲಿ ಜೂನ್ ಸುಮಾರಿಗೆ ಶುರು, ಅಮೆರಿಕದಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಮೂರನೇ ಕ್ಲಾಸು ಮುಗಿಸಿದ ಮಗು ಆಗಸ್ಟ್‌ನಲ್ಲಿ ಅಲ್ಲಿ ಮತ್ತೆ ಮೂರನೆಯದರಲ್ಲೇ ಕೂತಿರಬಹುದು. ಅದನ್ನು ತೀರ್ಮಾನಿಸುವುದು ಆ ರಾಜ್ಯದ ವಯಸ್ಸಿನ ಗಡುವು. ಕ್ಯಾಲಿಫೋರ್ನಿಯಾದಲ್ಲಿ ಕಿಂಡರ್‌ಗಾರ್ಟನ್ ಗಡುವು ಡಿಸೆಂಬರ್ 2 ಇದ್ದದ್ದು 2012ರಿಂದ 2014ರವರೆಗೆ ಹಂತಹಂತವಾಗಿ ಸೆಪ್ಟೆಂಬರ್ 1ಕ್ಕೆ ಸರಿಯಿತು. ಆ ಮೂರು ವರ್ಷದಲ್ಲಿ ಕಿಂಡರ್‌ಗಾರ್ಟನ್ ಸೇರಬೇಕಿದ್ದ, ಅಕ್ಟೋಬರ್, ನವೆಂಬರ್‌ನಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ತಪ್ಪುವುದು ಇದರಿಂದಲೇ. ಹಾಗಾಗಿ ವರ್ಷವನ್ನು 2013 ಎಂದು ಬರೆಯದೆ 2013–14 ಎಂದು ಬರೆಯಿರಿ.

ಅಮೆರಿಕದಲ್ಲಿ ಮನೆಯವರು ಯಾರೂ ಇಲ್ಲದ ವಿದ್ಯಾರ್ಥಿಗಳು ಮೂರನೇ ಸಾಲಿಗೆ ಸಾರ್ವಜನಿಕ ದಾಖಲೆಯಲ್ಲಿರುವ ಒಬ್ಬರನ್ನು ಆರಿಸಿಕೊಳ್ಳಲಿ. ನಮ್ಮ ಆಯ್ಕೆ ರೂಬಿ ಬ್ರಿಡ್ಜಸ್. ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂಬ ಬ್ರೌನ್ ತೀರ್ಪು 1954ರ ಮೇ 17ರದು. ಆಕೆ ಹುಟ್ಟಿದ್ದು ಅದೇ ವರ್ಷ ಸೆಪ್ಟೆಂಬರ್ 8ಕ್ಕೆ. ನ್ಯೂ ಆರ್ಲಿಯನ್ಸ್‌ನ ವಿಲಿಯಂ ಫ್ರಾಂಟ್ಸ್ ಶಾಲೆಗೆ ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ ಕಾಲಿಟ್ಟದ್ದು 1960ರ ನವೆಂಬರ್ 14ರಂದು. ತೀರ್ಪು ಆ ಊರಿನ ಒಂದನೇ ಕ್ಲಾಸಿಗೆ ಬರುವ ಹೊತ್ತಿಗೆ ಅದರ ಜೊತೆ ಹುಟ್ಟಿದ ಮಗುವಿಗೆ ಆರು ವರ್ಷ ತುಂಬಿತ್ತು.

ಎಕ್ಸೆಲ್ ಹಾಳೆ

ಚಾರ್ಟಿಗೆ ಕೈ ಹಾಕುವ ಮುನ್ನ ಎಲ್ಲವೂ ಒಂದು ಸ್ಪ್ರೆಡ್‌ಶೀಟಿನಲ್ಲಿರಲಿ. ಹನ್ನೊಂದು ಕಾಲಂ ಬೇಕು: ಸಾಲು (ದೇಶ, ಶಿಕ್ಷಣ, ಮನೆ), ವರ್ಷ, ತಿಂಗಳು, ದಿನ, ಮುಗಿದ ವರ್ಷ, ತಲೆಬರಹ, ಮಟ್ಟ, ತಲುಪಿದ ವರ್ಷ (ನಿಮ್ಮ ಊರಿನ ಶಾಲೆಗೆ), ಆಧಾರ, ಖಚಿತತೆ, ಕೊಂಡಿ (ಬೇರೆ ಸಾಲಿನ ಯಾವ ನಮೂದಿಗೆ ಗೆರೆ).

ವರ್ಷ, ತಿಂಗಳು, ದಿನ ಬೇರೆಬೇರೆ ಕಾಲಂನಲ್ಲೇ ಇರಬೇಕು. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ತಾರೀಕು ಎಂದು ಒಪ್ಪುವುದಿಲ್ಲ, ಬರೀ ಅಕ್ಷರ ಎಂದು ತಿಳಿಯುತ್ತದೆ. ವಿಂಗಡಿಸಿದಾಗ 1862 ಹೋಗಿ 2015ರ ಕೆಳಗೆ ಕೂರುತ್ತದೆ. ಇದಕ್ಕಿಂತ ಕೆಟ್ಟದ್ದು ಅಮೆರಿಕದ ತಾರೀಕಿನ ಕ್ರಮ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಬಡ ಮಕ್ಕಳ ಶಾಲೆಗಳಿಗೆ ಫೆಡರಲ್ ಹಣ ತಂದ ಎಲಿಮೆಂಟರಿ ಅಂಡ್ ಸೆಕೆಂಡರಿ ಎಜುಕೇಶನ್ ಆಕ್ಟ್‌ಗೆ ಸಹಿ ಬಿದ್ದದ್ದು 04/11/1965. ನಮ್ಮ ಕಣ್ಣು ಅದನ್ನು ನವೆಂಬರ್ 4 ಎಂದು ಓದುತ್ತದೆ, ಸರಿಯಾದದ್ದು ಏಪ್ರಿಲ್ 11. ದಿನ 12ಕ್ಕಿಂತ ಹೆಚ್ಚಿದ್ದರೆ ತಪ್ಪು ತಾನಾಗಿ ಹೊರಬೀಳುತ್ತದೆ. 12ರೊಳಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳಿನ ಹೆಸರನ್ನು ಅಕ್ಷರದಲ್ಲೇ ಬರೆಯುವುದು ಒಂದೇ ಉಪಾಯ.

ತಲೆಬರಹ ಎಂಟು ಪದ ಮೀರಬಾರದು. ಖಚಿತತೆಗೆ 1, 2, 3 ಎಂದು ಅಂಕ ಕೊಡಿ: ಪತ್ರ ಇದ್ದರೆ 1, ನೆನಪಿನ ಜೊತೆ ಗೂಟದ ಘಟನೆಯೊಂದು ಹೊಂದಿದರೆ 2, ಬರೀ ಅಂದಾಜಾದರೆ 3. ಚಾರ್ಟಿನಲ್ಲಿ 3ರ ನಮೂದುಗಳು ಚುಕ್ಕಿಗೆರೆಯಲ್ಲಿ ಬರಬೇಕು.

‘ಮಟ್ಟ’ ಎಂಬ ಕಾಲಂ ಬಿಟ್ಟರೆ ಇಡೀ ಟೈಮ್‌ಲೈನ್ ಸುಳ್ಳು ಹೇಳುತ್ತದೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ, ಅದು ರಾಜ್ಯಗಳ ಕೆಲಸ. ಮಾಮೂಲಿ ವರ್ಷಗಳಲ್ಲಿ ಶಾಲೆಗಳ ಖರ್ಚಿನಲ್ಲಿ ಫೆಡರಲ್ ಸರ್ಕಾರದ ಪಾಲು ಹತ್ತರಲ್ಲೊಂದರ ಆಸುಪಾಸು. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟಿನ (ಊರಿನ ಶಾಲೆಗಳನ್ನು ನಡೆಸುವ ಆಡಳಿತ ಘಟಕ) ತೆರಿಗೆ. ಆದ್ದರಿಂದ ಪ್ರತಿ ಮೈಲಿಗಲ್ಲಿನ ಮುಂದೆ ಫೆಡರಲ್, ರಾಜ್ಯ, ಡಿಸ್ಟ್ರಿಕ್ಟ್, ಶಾಲೆ ಇವುಗಳಲ್ಲಿ ಒಂದನ್ನು ಬರೆಯಿರಿ. ‘ಕಡ್ಡಾಯ ಶಿಕ್ಷಣ ಬಂದದ್ದು 1852’ ಎಂದು ಪಟ್ಟಿಗಳು ಹೇಳುತ್ತವೆ. ಅದು ಮ್ಯಾಸಚೂಸೆಟ್ಸ್ ಒಂದರ ಮಾತು. ಕೊನೆಯದಾಗಿ ಮಿಸಿಸಿಪ್ಪಿ ಒಪ್ಪಿದ್ದು 1918ರಲ್ಲಿ. ಇದನ್ನು ಚುಕ್ಕಿಯಾಗಿ ಇಡದೆ 66 ವರ್ಷದ ಪಟ್ಟಿಯಾಗಿ ಎಳೆದು, ನಿಮ್ಮ ರಾಜ್ಯದ ವರ್ಷಕ್ಕೆ ಒಂದು ಗೀಟು ಹಾಕಿ.

ಶಿಕ್ಷಣದ ಸಾಲು

1900ರ ಹಿಂದಿನದಕ್ಕೆ ಏಳೆಂಟು ನಮೂದು ಸಾಕು. 1647: ಮ್ಯಾಸಚೂಸೆಟ್ಸ್‌ನಲ್ಲಿ 50 ಮನೆಯ ಊರಿಗೆ ಒಬ್ಬ ಮೇಷ್ಟರು, 100 ಮನೆಯ ಊರಿಗೆ ಗ್ರಾಮರ್ ಶಾಲೆ ಎಂಬ ಕಟ್ಟಳೆ. 1785ರ ಭೂ ಸುಗ್ರೀವಾಜ್ಞೆ: ಪಶ್ಚಿಮದ ಹೊಸ ಭೂಮಿಯನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಅಳೆದು, ಒಂದೊಂದನ್ನೂ 36 ತುಂಡು ಮಾಡಿ, 16ನೆಯ ತುಂಡನ್ನು ಶಾಲೆಗೆ ಮೀಸಲಿಟ್ಟರು. 1837: ಹೊರೇಸ್ ಮನ್ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದರು, ಎರಡು ವರ್ಷದಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಶಿಕ್ಷಕರ ತರಬೇತಿಗೆ ಮೊದಲ ಸರ್ಕಾರಿ ನಾರ್ಮಲ್ ಸ್ಕೂಲ್ ತೆರೆಯಿತು. ಮೇಲೆ ಹೇಳಿದ 1852–1918ರ ಪಟ್ಟಿ ಇಲ್ಲಿಗೇ ಸೇರುತ್ತದೆ.

1862ರ ಜುಲೈ 2ರ ಮೊರಿಲ್ ಕಾಯ್ದೆಗೆ ಸ್ವಲ್ಪ ಹೆಚ್ಚು ಜಾಗ ಕೊಡಿ. ಕಾಂಗ್ರೆಸ್ಸಿನಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸದಸ್ಯರಿದ್ದಾರೋ ತಲಾ 30,000 ಎಕರೆ ಲೆಕ್ಕದಲ್ಲಿ ಭೂಮಿ ಕೊಟ್ಟು, ಅದನ್ನು ಮಾರಿದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು ಕಟ್ಟಲು ಹೇಳಿದ ಕಾನೂನು ಅದು. ಮೇಲಿನ ಸಾಲಿನಲ್ಲಿ ಅಂತರ್ಯುದ್ಧ ನಡೆಯುತ್ತಿರುತ್ತದೆ. ದಕ್ಷಿಣದ ಸದಸ್ಯರು ಸಭೆ ಬಿಟ್ಟು ಹೋಗಿದ್ದರಿಂದಲೇ ಇದು ಪಾಸಾಗುವುದು ಸುಲಭವಾಯಿತು. ಹಂಚಿದ ಭೂಮಿ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನೂ ಅದೇ ನಮೂದಿನಲ್ಲಿ ಬರೆಯಬೇಕು. ಇದರ ಒಂದು ಕೊಂಬೆ ಹೆಬ್ಬಾಳದವರೆಗೆ ಚಾಚಿದೆ: 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇದೇ ಲ್ಯಾಂಡ್ ಗ್ರಾಂಟ್ ಮಾದರಿಯದು, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ ಬೆಳೆದದ್ದು. ನಿಮ್ಮ ಮನೆಯಲ್ಲಿ ಅದರ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಓದಿದವರಿದ್ದರೆ ಕೆಳಗಿನ ಸಾಲಿನಿಂದ 1862ಕ್ಕೆ ನೇರ ಗೆರೆ ಎಳೆಯಬಹುದು.

1879 ಮತ್ತು 1896 ಎರಡನ್ನೂ ಬಿಡಬೇಡಿ. ಮೊದಲನೆಯದು ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ತಂದು, ಕೂದಲು ಕತ್ತರಿಸಿ, ಅವರ ಭಾಷೆಯನ್ನು ನಿಷೇಧಿಸಿದ ಜಾಗ. ಎರಡನೆಯದು ಪ್ಲೆಸ್ಸಿ ತೀರ್ಪು. ಮೂಲತಃ ಅದು ರೈಲು ಬೋಗಿಯ ಕೇಸು, ಆದರೆ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಎಂಬುದಕ್ಕೆ 58 ವರ್ಷ ಅದೇ ಆಸರೆಯಾಯಿತು. ಮೈಲಿಗಲ್ಲುಗಳ ಪಟ್ಟಿಯೆಂದರೆ ಬರೀ ಏರುಗತಿ ಎಂದುಕೊಂಡವರು ಇಂಥವನ್ನು ಬಿಟ್ಟುಬಿಡುತ್ತಾರೆ. ಆಮೇಲೆ 1954 ಯಾಕೆ ಬಂತು ಎಂದು ಹೇಳಲು ಅವರಿಗೆ ದಾರಿಯೇ ಇರುವುದಿಲ್ಲ.

1900–1945ರ ನಡುವೆ ಕೈಗಾರಿಕಾ ಶಿಕ್ಷಣದ ಸ್ಮಿತ್-ಹ್ಯೂಸ್ ಕಾಯ್ದೆ (1917), ಮೇಯರ್ ತೀರ್ಪು (1923), ಯುದ್ಧದಿಂದ ಮರಳಿದ ಸೈನಿಕರ ಓದಿಗೆ ಹಣ ಕೊಟ್ಟ ಜಿ.ಐ. ಬಿಲ್ (22 ಜೂನ್ 1944) ಸಾಕು. ಮೇಯರ್ ಕೇಸು ಭಾನುವಾರ ಕನ್ನಡ ಶಾಲೆ ನಡೆಸುವವರೆಲ್ಲ ತಿಳಿದಿರಬೇಕಾದದ್ದು. ಮೊದಲ ಮಹಾಯುದ್ಧದ ಜರ್ಮನ್ ದ್ವೇಷದ ಬಿಸಿಯಲ್ಲಿ ನೆಬ್ರಾಸ್ಕಾ ರಾಜ್ಯ 1919ರಲ್ಲಿ ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಪರಭಾಷೆಯನ್ನೂ ಕಲಿಸಬಾರದು ಎಂದು ಕಾನೂನು ಮಾಡಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಮೇಷ್ಟರು ರಾಬರ್ಟ್ ಮೇಯರ್‌ಗೆ ದಂಡ ಬಿತ್ತು. ಸುಪ್ರೀಂ ಕೋರ್ಟ್ 1923ರ ಜೂನ್‌ನಲ್ಲಿ ಆ ಕಾನೂನನ್ನು ಹೊಡೆದುಹಾಕಿತು. ಅದೇ ಕೋರ್ಟು ಅದೇ ವರ್ಷ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ, ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲ ಎಂದಿತ್ತು. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ.

1954ರಿಂದ ಈಚೆಗೆ ವಿಧಾನ ಬದಲಾಗಬೇಕು. ಪ್ರತಿ ಮೈಲಿಗಲ್ಲಿಗೂ ಮೂರು ತಾರೀಕು ಬೇಕು: ತೀರ್ಪು ಅಥವಾ ಸಹಿಯ ದಿನ, ನಿಯಮ ಜಾರಿಗೆ ಬಂದ ದಿನ, ನಿಮ್ಮ ಡಿಸ್ಟ್ರಿಕ್ಟಿಗೆ ತಲುಪಿದ ವರ್ಷ. ಮೂರನೆಯದೇ ಕಷ್ಟ, ಮೂರನೆಯದೇ ಮುಖ್ಯ.

ಬ್ರೌನ್ ತೀರ್ಪನ್ನೇ ತೆಗೆದುಕೊಳ್ಳಿ. ಮೊದಲ ತಾರೀಕು 17 ಮೇ 1954. ಹೇಗೆ ಜಾರಿ ಮಾಡಬೇಕು ಎಂಬ ಎರಡನೇ ತೀರ್ಪು 31 ಮೇ 1955. ಅದು ನಿಗದಿತ ಗಡುವು ಕೊಡಲಿಲ್ಲ. ಮೂರನೇ ತಾರೀಕು ಊರೂರಿಗೂ ಬೇರೆ. ಅರ್ಕನ್ಸಾಸ್‌ನ ಲಿಟಲ್ ರಾಕ್‌ನಲ್ಲಿ ಒಂಬತ್ತು ವಿದ್ಯಾರ್ಥಿಗಳು ಸೈನಿಕರ ಬೆಂಗಾವಲಿನಲ್ಲಿ ಸೆಂಟ್ರಲ್ ಹೈಸ್ಕೂಲಿನೊಳಗೆ ಹೋದದ್ದು 25 ಸೆಪ್ಟೆಂಬರ್ 1957. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಎಲ್ಲರನ್ನೂ ಒಟ್ಟಿಗೆ ಕೂರಿಸುವ ಬದಲು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿತು. ತೀರ್ಪು ಬಂದು ಹತ್ತು ವರ್ಷವಾದರೂ ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ ಬಿಳಿಯ ಮಕ್ಕಳ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ಶೇ. 2ಕ್ಕೂ ಕಡಿಮೆ. ಮಿಸಿಸಿಪ್ಪಿಯ ಬಹಳಷ್ಟು ಡಿಸ್ಟ್ರಿಕ್ಟುಗಳಲ್ಲಿ ಅದು ನಿಜವಾಗಿ ಆದದ್ದು, 1969ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ‘ಈಗಲೇ’ ಎಂದು ಪಟ್ಟು ಹಿಡಿದ ಮೇಲೆ, 1970ರಲ್ಲಿ. 1968ರಲ್ಲಿ ಅಲ್ಲಿ ಒಂದನೇ ಕ್ಲಾಸು ಸೇರಿದ ಒಬ್ಬರ ಸಾಲಿನ ಮೇಲೆ ‘1954: ವರ್ಣಭೇದ ಅಂತ್ಯ’ ಎಂದು ಬರೆದರೆ ಅದು ಸುಳ್ಳು.

ಹೆಣ್ಣುಮಕ್ಕಳ ಸಮಾನ ಅವಕಾಶದ ಟೈಟಲ್ 9ಕ್ಕೆ ಸಹಿ 23 ಜೂನ್ 1972. ನಿಯಮಗಳು ಜಾರಿಯಾದದ್ದು 21 ಜುಲೈ 1975. ಆಟೋಟದ ವಿಷಯದಲ್ಲಿ ಪ್ರಾಥಮಿಕ ಶಾಲೆಗಳಿಗೆ ಇನ್ನೂ ಒಂದು ವರ್ಷ, ಹೈಸ್ಕೂಲು ಕಾಲೇಜುಗಳಿಗೆ ಮೂರು ವರ್ಷ ಅವಕಾಶ ಸಿಕ್ಕಿತು. ಅಂದರೆ 1978. ಅಂಗವಿಕಲ ಮಕ್ಕಳ ಶಿಕ್ಷಣದ ಕಾನೂನಿಗೆ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ್ದು 29 ನವೆಂಬರ್ 1975. ಜಾರಿ 1977ರ ಅಕ್ಟೋಬರ್. 3ರಿಂದ 18 ವರ್ಷದವರಿಗೆ 1978, 21 ವರ್ಷದವರೆಗೆ 1980 ಎಂಬ ಗಡುವು. 1990ರಲ್ಲಿ ಅದರ ಹೆಸರು ಐಡಿಇಎ ಆಯಿತು. ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾಯ್ದೆಗೆ ಸಹಿ 8 ಜನವರಿ 2002. 3ರಿಂದ 8ನೇ ಕ್ಲಾಸಿನವರೆಗೆ ಪ್ರತಿವರ್ಷ ಪರೀಕ್ಷೆ ಕಡ್ಡಾಯವಾದದ್ದು 2005–06ರಲ್ಲಿ. ಅದರ ಜಾಗಕ್ಕೆ ಬಂದ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್‌ಗೆ (ಇಎಸ್‌ಎಸ್‌ಎ) ಸಹಿ 10 ಡಿಸೆಂಬರ್ 2015, ಶಾಲೆಗಳಲ್ಲಿ ಪೂರ್ತಿ ಜಾರಿ 2017–18.

ಕನ್ನಡದ ಮನೆಗಳಿಗೆ ಹತ್ತಿರದ್ದು ಲಾವ್ ತೀರ್ಪು, 21 ಜನವರಿ 1974. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ ಮಕ್ಕಳಿಗೆ ಯಾವ ನೆರವೂ ಕೊಡದೆ ಇಂಗ್ಲಿಷ್ ಕ್ಲಾಸಿನಲ್ಲಿ ಕೂರಿಸಿದರೆ ಅದು ಸಮಾನ ಶಿಕ್ಷಣವಲ್ಲ ಎಂದು ಕೋರ್ಟು ಹೇಳಿತು. ದಾಖಲಾತಿ ದಿನ ನೀವು ತುಂಬುವ ‘ಮನೆಯಲ್ಲಿ ಯಾವ ಭಾಷೆ’ ಎಂಬ ಫಾರಂನ ಬೇರು ಇಲ್ಲೇ ಇದೆ. ಅದರಲ್ಲಿ ‘ಕನ್ನಡ’ ಎಂದು ಬರೆದ ಮೇಲೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಎಷ್ಟೋ ಅಪ್ಪ ಅಮ್ಮಂದಿರು ಇದನ್ನು ಅವಮಾನ ಎಂದುಕೊಳ್ಳುತ್ತಾರೆ, ವಾಸ್ತವದಲ್ಲಿ ಅದು ಮಗುವಿನ ಹಕ್ಕು. ಆ ಫಾರಂ ತುಂಬಿದ ದಿನವೇ ಮನೆಯ ಸಾಲಿನಲ್ಲಿ ಲಾವ್ ತಲುಪಿದ ತಾರೀಕು.

ಕಾನೂನಲ್ಲದ್ದನ್ನು ಕಾನೂನಿನಂತೆ ಬರೆಯುವ ತಪ್ಪು ಬಹಳ ಸಾಮಾನ್ಯ. 1983ರ ‘ಎ ನೇಷನ್ ಅಟ್ ರಿಸ್ಕ್’ ಒಂದು ವರದಿ. 2010ರ ಕಾಮನ್ ಕೋರ್ ಫೆಡರಲ್ ಕಾನೂನಲ್ಲ, ರಾಜ್ಯಗಳು ಒಪ್ಪಿಕೊಂಡ ಪಠ್ಯ ಮಾನದಂಡ. ಟೆಕ್ಸಾಸ್ ಅದನ್ನು ಒಪ್ಪಲೇ ಇಲ್ಲ, ಹಾಗಾಗಿ ಡಲ್ಲಾಸ್‌ನಲ್ಲಿ ಬೆಳೆದ ಮಗುವಿನ ಸಾಲಿನ ಮೇಲೆ ಅದಕ್ಕೆ ಜಾಗವಿಲ್ಲ. ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳಿಗೆ 1991ರಲ್ಲಿ ಕಾನೂನು ಮಾಡಿದ್ದು ಮಿನೆಸೋಟಾ ಒಂದೇ, ಅಲ್ಲಿ ಮೊದಲ ಶಾಲೆ ತೆರೆದದ್ದು 1992ರಲ್ಲಿ. ಫೆಡರಲ್ ಶಿಕ್ಷಣ ಇಲಾಖೆಯ ಕಾನೂನು 1979ರ ಅಕ್ಟೋಬರ್‌ನದು, ಕೆಲಸ ಶುರುವಾದದ್ದು 1980ರ ಮೇ. 1867ರಲ್ಲಿ ಅದೇ ಹೆಸರಿನ ಪುಟ್ಟ ಇಲಾಖೆಯೊಂದು ಹುಟ್ಟಿ ಬೇಗನೇ ಕಚೇರಿ ಮಟ್ಟಕ್ಕೆ ಇಳಿದಿತ್ತು, ಎರಡನ್ನೂ ಬೆರೆಸಬೇಡಿ. 2025ರ ಮಾರ್ಚ್ 20ರಂದು ಬಂದದ್ದು ಇಲಾಖೆ ಮುಚ್ಚುವತ್ತ ಹೆಜ್ಜೆ ಇಡಿ ಎಂಬ ಅಧ್ಯಕ್ಷರ ಆದೇಶ. ಕಾಂಗ್ರೆಸ್ ಕಟ್ಟಿದ ಇಲಾಖೆಯನ್ನು ರದ್ದು ಮಾಡಲು ಕಾಂಗ್ರೆಸ್ಸೇ ಬೇಕು. ಆದ್ದರಿಂದ ‘ಆದೇಶ’ ಎಂದೇ ಬರೆಯಿರಿ.

ಮೂರನೇ ತಾರೀಕು ಸಿಗುವುದು ಎಲ್ಲಿ? ಡಿಸ್ಟ್ರಿಕ್ಟಿನ ಸ್ಕೂಲ್ ಬೋರ್ಡ್ ಸಭೆಯ ನಡಾವಳಿ, ಊರಿನ ಲೈಬ್ರರಿಯಲ್ಲಿರುವ ಹಳೆಯ ಪತ್ರಿಕೆಗಳು, ಶಾಲೆಯ ಇಯರ್‌ಬುಕ್, ರಾಜ್ಯ ಶಿಕ್ಷಣ ಇಲಾಖೆಯ ವೆಬ್‌ಸೈಟು. ಇಯರ್‌ಬುಕ್ಕಿನ ಫೋಟೋಗಳು ಬಾಯಿಬಿಟ್ಟು ಹೇಳುತ್ತವೆ: ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಚಿತ್ರ ಯಾವ ವರ್ಷದಿಂದ ಕಾಣುತ್ತದೋ ಟೈಟಲ್ 9 ಆ ಶಾಲೆಗೆ ಬಂದದ್ದು ಅದರ ಆಸುಪಾಸು. ಅಲ್ಲಿನ ಹಳೆಯ ಕುಟುಂಬಗಳ ಬಗ್ಗೆ ಬರೆಯುವವರಿಗೆ ಜನಗಣತಿಯ ಹಾಳೆಗಳಿವೆ. ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ ಎಂದು ಮೊದಲು ಕೇಳಿದ್ದು 1940ರ ಗಣತಿಯಲ್ಲಿ. ವೈಯಕ್ತಿಕ ವಿವರಗಳು 72 ವರ್ಷ ಮುಚ್ಚಿರುತ್ತವೆ. 1950ರದು 2022ರಲ್ಲಿ ತೆರೆದಿದೆ.

ದೇಶದ ಸಾಲು

ಇಲ್ಲಿ ಕೈ ಬಿಗಿಹಿಡಿಯಿರಿ, 12ರಿಂದ 15 ನಮೂದು. ‘ಇದು ಆಗದಿದ್ದರೆ ತರಗತಿಯಲ್ಲಿ ಏನು ಬೇರೆಯಾಗಿರುತ್ತಿತ್ತು’ ಎಂಬ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಬಾರದಿದ್ದರೆ ಆ ಘಟನೆ ಬೇಡ. ಅಂತರ್ಯುದ್ಧ, ಕಾನೂನಿನ ಸಮಾನ ರಕ್ಷಣೆಯ 14ನೇ ತಿದ್ದುಪಡಿ (1868), ಎರಡು ಮಹಾಯುದ್ಧ, 1929ರ ಕುಸಿತ, ಸೋವಿಯತ್ ಉಪಗ್ರಹ ಸ್ಪುಟ್ನಿಕ್ (4 ಅಕ್ಟೋಬರ್ 1957), ನಾಗರಿಕ ಹಕ್ಕುಗಳ ಕಾಯ್ದೆ (1964), 2008ರ ಆರ್ಥಿಕ ಹಿಂಜರಿತ, 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು, ಇವು ಉಳಿಯುತ್ತವೆ. ಭಾರತೀಯ ಮನೆಗಳಿಗೆ ವಲಸೆಯ ನಮೂದುಗಳು ಬೇಕೇ ಬೇಕು: ಏಷ್ಯಾದವರಿಗೆ ಬಾಗಿಲು ಹಾಕಿದ 1917, ವರ್ಷಕ್ಕೆ 100 ಭಾರತೀಯರಿಗೆ ಅವಕಾಶ ಮತ್ತು ಪೌರತ್ವದ ಹಕ್ಕು ಕೊಟ್ಟ 1946, ಬಾಗಿಲು ನಿಜಕ್ಕೂ ತೆರೆದ 3 ಅಕ್ಟೋಬರ್ 1965, ಎಚ್-1ಬಿ ಕೆಲಸದ ವೀಸಾ ರೂಪುಗೊಂಡ 1990, ಅದರ ಜೊತೆ ಎಚ್-4 ವೀಸಾದಲ್ಲಿ ಬಂದ ಸಂಗಾತಿಗಳಲ್ಲಿ ಕೆಲವರಿಗೆ ಕೆಲಸದ ಅನುಮತಿ ಬಂದ 26 ಮೇ 2015. ಕೊನೆಯದು ಎಷ್ಟೋ ತಾಯಂದಿರ ಓದಿನ ಸಾಲನ್ನೇ ತಿರುಗಿಸಿದೆ.

ಬಾಣ ಎಳೆಯುವ ಮುನ್ನ

ಮೂರು ಸಾಲು ಒಂದರ ಕೆಳಗೊಂದು ಕೂತ ಕೂಡಲೇ ಎಲ್ಲದರಿಂದ ಎಲ್ಲದಕ್ಕೂ ಬಾಣ ಎಳೆಯುವ ಆಸೆ ಬರುತ್ತದೆ. ಮೂರು ಬಗೆಯ ಗೆರೆ ಇಟ್ಟುಕೊಳ್ಳಿ: ಕಾರಣಕ್ಕೆ ಬಾಣ, ಒಂದೇ ಮೂಲದಿಂದ ಹುಟ್ಟಿದ್ದಕ್ಕೆ ಕವಲು, ಬರೀ ಕಾಕತಾಳೀಯಕ್ಕೆ ಚುಕ್ಕಿಗೆರೆ.

ಸ್ಪುಟ್ನಿಕ್‌ನಿಂದ, ವಿಜ್ಞಾನ ಗಣಿತದ ಓದಿಗೆ ಹಣ ತಂದ ನ್ಯಾಷನಲ್ ಡಿಫೆನ್ಸ್ ಎಜುಕೇಶನ್ ಆಕ್ಟ್‌ಗೆ (2 ಸೆಪ್ಟೆಂಬರ್ 1958) ಬಾಣ ಸರಿ. ಹನ್ನೊಂದು ತಿಂಗಳ ಅಂತರ, ಮೇಲಾಗಿ ದೇಶದ ರಕ್ಷಣೆಯ ಮಾತು ಕಾನೂನಿನಲ್ಲೇ ಇದೆ. ಲಿಟಲ್ ರಾಕ್‌ಗೂ ಸ್ಪುಟ್ನಿಕ್‌ಗೂ ಒಂಬತ್ತೇ ದಿನದ ಅಂತರ, ಅಲ್ಲಿ ಚುಕ್ಕಿಗೆರೆ. 1965ರ ಶಿಕ್ಷಣ ಕಾಯ್ದೆ (ಏಪ್ರಿಲ್), ವಲಸೆ ಕಾಯ್ದೆ (ಅಕ್ಟೋಬರ್), ಉನ್ನತ ಶಿಕ್ಷಣ ಕಾಯ್ದೆ (ನವೆಂಬರ್) ಒಂದರಿಂದ ಒಂದು ಹುಟ್ಟಿದ್ದಲ್ಲ. ಮೂರಕ್ಕೂ ಮೂಲ 1964ರ ಚುನಾವಣೆಯಲ್ಲಿ ಅಧ್ಯಕ್ಷ ಜಾನ್ಸನ್ ಮತ್ತು ಅವರ ಪಕ್ಷಕ್ಕೆ ಸಿಕ್ಕ ಭಾರೀ ಬಹುಮತ. ಅಲ್ಲಿ ಕವಲು ಬರೆಯಬೇಕು.

ಎಲ್ಲರೂ ಎಡವುವ ಜಾಗ 2001. ಸೆಪ್ಟೆಂಬರ್ 11ರ ಬೆಳಿಗ್ಗೆ ಅಧ್ಯಕ್ಷ ಬುಷ್ ಫ್ಲಾರಿಡಾದ ಸರಸೋಟದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಓದು ಕೇಳುತ್ತಿದ್ದರು, ನಾಲ್ಕೇ ತಿಂಗಳಲ್ಲಿ ನೋ ಚೈಲ್ಡ್ ಲೆಫ್ಟ್ ಬಿಹೈಂಡ್‌ಗೆ ಸಹಿ ಬಿತ್ತು. ಬಾಣ ಎಳೆಯಲು ಕೈ ತಾನಾಗಿ ಹೋಗುತ್ತದೆ. ಆದರೆ ಮಸೂದೆ ಕೆಳಮನೆಯಲ್ಲಿ ಮೇ ತಿಂಗಳಲ್ಲೂ ಸೆನೆಟ್ಟಿನಲ್ಲಿ ಜೂನ್‌ನಲ್ಲೂ ಆಗಲೇ ಪಾಸಾಗಿತ್ತು. ಯಾವುದೇ ಬಾಣಕ್ಕೆ ಮುನ್ನ ಮಸೂದೆ ಮೊದಲು ಮಂಡನೆಯಾದ ತಾರೀಕು ನೋಡಿ. ಅದು ಘಟನೆಗಿಂತ ಹಿಂದಿನದಾದರೆ, ಘಟನೆ ಕಾನೂನನ್ನು ಹುಟ್ಟಿಸಿತು ಎನ್ನುವಂತಿಲ್ಲ.

ಚಾರ್ಟಿಗೆ ಇಳಿಸುವುದು

ಅಂಗಡಿಯಲ್ಲಿ ಸಿಗುವ ಚಾರ್ಟ್ ಶೀಟೂ ಅಮೆರಿಕದ ಪೋಸ್ಟರ್ ಬೋರ್ಡೂ ಸಾಮಾನ್ಯವಾಗಿ 22×28 ಇಂಚು, ಅಂದರೆ ಸುಮಾರು 56×71 ಸೆಂ.ಮೀ. ಉದ್ದಕ್ಕೆ ಮೂರು ಹಾಳೆ, ಒಂದರ ಮೇಲೊಂದು 2 ಸೆಂ.ಮೀ. ಬರುವಂತೆ ಅಂಟಿಸಿದರೆ 209 ಸೆಂ.ಮೀ. ಸಿಗುತ್ತದೆ. 1635ರಿಂದ 1945ರವರೆಗೆ ಹತ್ತು ವರ್ಷಕ್ಕೆ 1 ಸೆಂ.ಮೀ. (31), ಅಲ್ಲಿಂದ 2025ರವರೆಗೆ ವರ್ಷಕ್ಕೆ 2 ಸೆಂ.ಮೀ. (160), ಎರಡೂ ತುದಿಗೆ 5ರ ಅಂಚು. ಒಟ್ಟು 201. ಎರಡೇ ಹಾಳೆ ಇದ್ದರೆ ವರ್ಷಕ್ಕೆ 1 ಸೆಂ.ಮೀ. ಮಾಡಿ, 1954–75ರ ನಡುವೆ ಉಸಿರುಗಟ್ಟುತ್ತದೆ ಅಷ್ಟೆ. ಅಳತೆ ಬದಲಾಗುವ 1945ರಲ್ಲಿ ಅಡ್ಡಗೆರೆಯನ್ನು ಅಂಕುಡೊಂಕಾಗಿ ಎಳೆದು, ಎರಡೂ ಬದಿಗೆ ಅಳತೆ ಬರೆಯಿರಿ. ಬರೆಯದಿದ್ದರೆ 19ನೇ ಶತಮಾನದಲ್ಲಿ ಏನೂ ನಡೆಯಲೇ ಇಲ್ಲ ಎಂಬಂತೆ ಕಾಣುತ್ತದೆ.

ಎತ್ತರದ 56 ಸೆಂ.ಮೀ.ನಲ್ಲಿ ದೇಶಕ್ಕೆ 14, ಶಿಕ್ಷಣಕ್ಕೆ 20, ಮನೆಗೆ 16, ಉಳಿದ 6 ಅಂಚಿಗೆ. ಕಾನೂನಿಗೆ ಚೌಕ, ಕೋರ್ಟ್ ತೀರ್ಪಿಗೆ ವೃತ್ತ, ವರದಿ ಮತ್ತು ಆದೇಶಕ್ಕೆ ತ್ರಿಕೋನ. ಬಣ್ಣ ಒಂದನ್ನೇ ನೆಚ್ಚಿದರೆ ಜೆರಾಕ್ಸ್ ಮಾಡಿದಾಗ ಎಲ್ಲ ಬೂದಿಯಾಗುತ್ತದೆ. ಚೀಟಿಗಳನ್ನು ಒಂದೇ ಮಟ್ಟದಲ್ಲಿ ಇಡದೆ ಮೂರು ಎತ್ತರದಲ್ಲಿ ಮೇಲೆ ಕೆಳಗೆ ಮಾಡಿ. ಆಮೇಲೆ ಸಹಿಯ ದಿನದಿಂದ ತಲುಪಿದ ವರ್ಷದವರೆಗೆ ಅರ್ಧ ಸೆಂ.ಮೀ. ದಪ್ಪದ, ಓರೆಗೆರೆ ತುಂಬಿದ ಪಟ್ಟಿ ಎಳೆಯಿರಿ. ಮಿಸಿಸಿಪ್ಪಿಯ ಬ್ರೌನ್ ಪಟ್ಟಿ 32 ಸೆಂ.ಮೀ. ಉದ್ದ ಬರುತ್ತದೆ, ಹೈಸ್ಕೂಲ್ ಆಟೋಟದ ಟೈಟಲ್ 9ರದು 12. ಶಿಕ್ಷಣದ ಸಾಲಿನಲ್ಲಿ ಬೇರೆ ಏನು ಬಿಟ್ಟರೂ ಈ ಪಟ್ಟಿಗಳನ್ನು ಬಿಡಬೇಡಿ.

ಆನ್‌ಲೈನ್‌ನಲ್ಲಿ ಮಾಡುವವರಿಗೆ ಟೈಮ್‌ಲೈನ್‌ಜೆಎಸ್ ಎಂಬ ಸಾಧನ ಉಚಿತ, ಗೂಗಲ್ ಶೀಟ್‌ನಿಂದಲೇ ನಡೆಯುತ್ತದೆ. ಅದರ ‘ಗ್ರೂಪ್’ ಕಾಲಂನಲ್ಲಿ ಸಾಲಿನ ಹೆಸರು ಹಾಕಿದರೆ ಮೂರೂ ಬೇರೆಯಾಗಿ ಬರುತ್ತವೆ. 20 ಸ್ಲೈಡ್ ದಾಟಿದರೆ ನೋಡುವವರು ಕೊನೆ ಮುಟ್ಟುವುದಿಲ್ಲ. ಶೀಟನ್ನು ವೆಬ್‌ಗೆ ಪಬ್ಲಿಷ್ ಮಾಡಲೇಬೇಕಾದ್ದರಿಂದ ಅದರಲ್ಲಿ ಮಕ್ಕಳ ಪೂರ್ತಿ ಹೆಸರು, ವೀಸಾ ಸ್ಥಿತಿ, ಐ-94 (ದೇಶ ಪ್ರವೇಶದ ದಾಖಲೆ) ಸಂಖ್ಯೆ, ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್ ಇರಕೂಡದು. ಆಧಾರ ಮತ್ತು ಖಚಿತತೆಯ ಕಾಲಂಗಳನ್ನು ಬೇರೆ ಖಾಸಗಿ ಶೀಟಿನಲ್ಲಿಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ. ಪಿಡಿಎಫ್ ಮಾಡಿದ ಮೇಲೆ ‘ಮ್ಯಾಸಚೂಸೆಟ್ಸ್’, ‘ಡಿಸ್ಟ್ರಿಕ್ಟ್’ ಎಂಬ ಎರಡು ಪದ ಹುಡುಕಿ ನೋಡಿ. ಒತ್ತಕ್ಷರ ಒಡೆಯುವುದಾದರೆ ಅಲ್ಲೇ ಒಡೆದಿರುತ್ತದೆ.